ಏಣಿಗೆ ಬದಲು ಒಂದು ಗಂಟೆ

ಹಾರ್ಲನ್ ವೆಲ್ಸ್ ಪಟ್ಟಣದ ರೇಡಿಯೋ ಸ್ಟೇಷನ್ನಿನ ಚರಿತ್ರೆ ಕೇಳಿದರೆ ಟೆಕ್ಸಾಸಿನ ಆ ಮೂಲೆಯ ಜನ ಮೊದಲು ಹೇಳುವುದು ಬ್ಯೂಫೋರ್ಡ್ ಟ್ಯಾಕೆಟ್‌ನ ಹೆಸರನ್ನು. 1947ರಲ್ಲಿ ದನದ ಮೇವಿನ ಅಂಗಡಿಯ ಅಟ್ಟದ ಮೇಲೆ ಒಂದು ಮೈಕು ಇಟ್ಟು ದಿನವಿಡೀ ಕಂಟ್ರಿ ಹಾಡು ಹಾಕಲು ಶುರುಮಾಡಿದವನು ಅವನೇ, ಇಲ್ಲವೆನ್ನುವುದಿಲ್ಲ. ಆದರೆ ಸ್ಟೇಷನ್ ನಡೆಸಿದವಳು ಒಲೀಟಾ ಸ್ಟ್ರೌಡ್. ಒಪ್ಪದವರು ಬೇಕಾದರೆ ಜಗಳಕ್ಕೆ ಬರಲಿ.

ಫೋನ್ ಎತ್ತುವವಳು ಅವಳು, ಕಾಗದ ಬರೆಯುವವಳು ಅವಳು, ಹಾಡಿನ ತಟ್ಟೆಗಳನ್ನು ಕಪಾಟಿನಲ್ಲಿ ಜೋಡಿಸುವವಳೂ ಅವಳೇ. ದಿನಾ ಬೆಳಿಗ್ಗೆ ಹತ್ತಕ್ಕೆ ‘ಅದಲು-ಬದಲು’ ಕಾರ್ಯಕ್ರಮ. ಯಾರ ಮನೆಯಲ್ಲಿ ಹಳೇ ತೊಟ್ಟಿಲಿದೆ, ಯಾರಿಗೆ ಮೊಟ್ಟೆಯಿಡುವ ಕೋಳಿ ಬೇಕು, ಎಲ್ಲವನ್ನೂ ಫೋನಿನಲ್ಲಿ ಕೇಳಿ ಚೀಟಿ ಬರೆದು ಡಾಯ್ಲ್ ಪ್ರೂಯಿಟ್‌ನ ಕೈಗಿಡುವುದು ಅವಳ ಕೆಲಸ. ಅದನ್ನು ಮೈಕಿನಲ್ಲಿ ಓದಿ ಊರಿನ ಕಣ್ಮಣಿಯಾಗುವುದು ಅವನ ಕೆಲಸ! ಹನ್ನೆರಡು ವರ್ಷದಿಂದ ಒಲೀಟಾಗೆ ಇದ್ದದ್ದು ಒಂದೇ ಆಸೆ: ಆ ಚೀಟಿಗಳನ್ನು ತಾನೇ ಓದಬೇಕು. ವರ್ಷಕ್ಕೊಮ್ಮೆ ಹೋಗಿ ಕೇಳುತ್ತಿದ್ದಳು. ವರ್ಷಕ್ಕೊಮ್ಮೆ ಟ್ಯಾಕೆಟ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

“ಹೆಂಗಸರ ದನಿ ರೇಡಿಯೋದಲ್ಲಿ ತಗಡು ಕೆರೆದಂಗೆ ಕೇಳ್ಸುತ್ತೆ ಕಣಮ್ಮ. ನೀನಂತೂ ನಕ್ರೆ ಜನರ ಮನೇಲಿ ಸ್ಪೀಕರ್ರೇ ಹರ್ದೋಗುತ್ತೆ!”

ಅವನದು ಎರಡು ಕಟ್ಟಳೆ. ಇಬ್ಬರು ಹೆಂಗಸರ ಹಾಡನ್ನು ಒಂದರ ಹಿಂದೊಂದು ಹಾಕಕೂಡದು; ತಪ್ಪದಿರಲಿ ಅಂತ ಹೆಂಗಸರ ತಟ್ಟೆಗಳಿಗೆಲ್ಲ ಕೆಂಪು ಚೀಟಿ. ಅಂಟಿಸಿದವಳೂ ಒಲೀಟಾನೇ, ಹಲ್ಲು ಕಚ್ಚಿಕೊಂಡು. ಎರಡನೆಯದು ‘ಅದಲು-ಬದಲು’ ಕಾರ್ಯಕ್ರಮದ್ದು: ಕೊಡುವುದರ ಹೆಸರು, ಬೇಕಾದುದರ ಹೆಸರು ಎರಡನ್ನೂ ಬಿಡಿಸಿ ಹೇಳಬೇಕು, ಮೈಕಿನಲ್ಲಿ ಹೇಳಿದ ಮೇಲೆ ಮಾತು ಹಿಂದೆ ತೆಗೆಯುವಂತಿಲ್ಲ. ಇದನ್ನು ತನ್ನ ಕೈಯಾರೆ ಬರೆದು ಗೋಡೆಗೆ ಮೊಳೆ ಹೊಡೆದು ಹಾಕಿದ್ದ.

1963ರ ಶರತ್ಕಾಲ. ಊರ ಶಾಲೆಯ ಫುಟ್‌ಬಾಲ್ ತಂಡ ಸಾಲಾಗಿ ಐದು ಶುಕ್ರವಾರ ಸೋತಿತ್ತು. ಡಾಯ್ಲ್‌ಗೆ ಉತ್ಸಾಹ ಉಕ್ಕಿತು. “ನಮ್ಮ ಹುಡುಗ್ರು ಗೆಲ್ಲೋ ತನಕ ಹೆದ್ದಾರಿ ಪಕ್ಕದ ಜಾಹೀರಾತು ಬೋರ್ಡಿನಿಂದ ಇಳಿಯಲ್ಲ” ಅಂತ ರೇಡಿಯೋದಲ್ಲೇ ಶಪಥ ಮಾಡಿ, ಡೇರೆ, ಕಂಬಳಿ, ಮೈಕು ಸಮೇತ ಮೇಲೆ ಹತ್ತಿ ಕೂತ. ಊರಿಗೆ ಊರೇ ಹುಚ್ಚೆದ್ದಿತು. ಹೆಂಗಸರು ಬಕೆಟ್ಟಿನಲ್ಲಿ ಕರಿದ ಕೋಳಿ, ಪೀಕನ್ ಪೈ ಇಟ್ಟು ಹಗ್ಗ ಕಟ್ಟಿ ಮೇಲಕ್ಕೆ ಕಳಿಸಿದ್ದೇ ಕಳಿಸಿದ್ದು. ಒಂಬತ್ತನೇ ದಿನ, ಶುಕ್ರವಾರ, ತಂಡ ಪಕ್ಕದ ಡನ್‌ಮೋರ್ ಊರಿನವರನ್ನು ಸೋಲಿಸಿಬಿಟ್ಟಿತು.

ಶನಿವಾರ ಬೆಳಿಗ್ಗೆ ಡಾಯ್ಲ್‌ನನ್ನು ಇಳಿಸುವ ಸಂಭ್ರಮ. ಮೇಯರ್ ಬಂದ, ಶಾಲೆಯ ಬ್ಯಾಂಡು ಬಂತು. ಬೋರ್ಡಿನ ಬುಡದಿಂದಲೇ ನೇರ ಪ್ರಸಾರ. “ಹಬ್ಬಕ್ಕೆ ಗಂಡಸರ ಹಾಡೇ ಸರಿ” ಅಂತ ಟ್ಯಾಕೆಟ್ ಆ ತಟ್ಟೆಗಳ ಪೆಟ್ಟಿಗೆಗಳನ್ನೆಲ್ಲ ಟ್ರಕ್ಕಿಗೆ ತುಂಬಿಕೊಂಡು ಹೋದ. ಸ್ಟೇಷನ್ನಿನಲ್ಲಿ ಉಳಿದವಳು ಒಲೀಟಾ ಒಬ್ಬಳೇ.

ಬೋರ್ಡಿನ ಬಳಿ ನೋಡಿದರೆ ಡಾಯ್ಲ್ ಹತ್ತಿದ್ದ ಏಣಿಯೇ ಇಲ್ಲ! ಸೋತ ಡನ್‌ಮೋರಿನವರು ಹೊಟ್ಟೆ ಉರಿಗೆ ಹೊತ್ತುಕೊಂಡು ಹೋಗಿದ್ದರು. ಬೆಂಕಿ ಆರಿಸುವವರ ಉದ್ದನೆಯ ಏಣಿ ಎಲ್ಲೋ ಹುಲ್ಲುಗಾವಲಿನ ಬೆಂಕಿಗೆ ಹೋಗಿತ್ತು. ಆ ಗಲಾಟೆಯಲ್ಲಿ ಬ್ಯಾಂಡಿನವರ ಕಾಲಿಗೆ ಸಿಕ್ಕಿ ಪ್ರಸಾರದ ವೈರು ಪಟ್ಟನೆ ಕಿತ್ತುಬಂತು. ರೇಡಿಯೋ ಗಪ್‌ಚುಪ್.

ರೇಡಿಯೋದವರಿಗೆ ಅದಕ್ಕಿಂತ ದೊಡ್ಡ ಅಪಚಾರ ಇನ್ನೊಂದಿಲ್ಲ. ಒಲೀಟಾ ಕಪಾಟಿಗೆ ಓಡಿದಳು. ನೋಡಿದರೆ ಬರೀ ಕೆಂಪು ಚೀಟಿ! ಊರಿನ ಗಂಡಸರೂ ಬೋರ್ಡಿನ ಬಳಿ, ಹಾಡುವ ಗಂಡಸರೂ ಅಲ್ಲೇ. ಅವಳೇನು ಮಾಡಬೇಕು ಪಾಪ? ಒಂದು ಹಾಕಿದಳು. ಅದು ಮುಗಿಯಿತು, ಇನ್ನೊಂದು ಹಾಕಿದಳು. ಅಟ್ಟ ಕುಸಿಯಲಿಲ್ಲ. ಮೂರನೆಯದನ್ನು ಹಾಕುವಾಗ ಅವಳ ಕಾಲು ತಾನಾಗಿ ಕುಣಿಯುತ್ತಿತ್ತು. ಹತ್ತು ಹೊಡೆಯಿತು. ಫೋನನ್ನು ಮೈಕಿಗೆ ಜೋಡಿಸಿ ಡಾಯ್ಲ್‌ನ ಕುರ್ಚಿಯಲ್ಲಿ ಕೂತೇಬಿಟ್ಟಳು.

“ಎಲ್ರಿಗೂ ಗುಡ್ ಮಾರ್ನಿಂಗ್. ಇದು ‘ಅದಲು-ಬದಲು’. ನಾನು ಒಲೀಟಾ, ಚೀಟಿ ಬರೀತಿದ್ದೋಳು.”

ಒಬ್ಬ ಕುದುರೆ ಜೀನು ಕೊಟ್ಟು ಒಗೆಯುವ ಯಂತ್ರ ಕೇಳಿದ. ಒಬ್ಬಾಕೆ ಗಂಡನ ತುತ್ತೂರಿ ಕೊಡುತ್ತೇನೆಂದಳು.

“ಬದಲಿಗೇನು ಬೇಕಮ್ಮ?”

“ಅದನ್ನ ಮನೆಯಿಂದ ತಗೊಂಡ್ಹೋದ್ರೆ ಸಾಕು ಕಣೇ, ಪುಣ್ಯ ಬರುತ್ತೆ ನಿಂಗೆ!”

ಟ್ರಕ್ಕಿನ ರೇಡಿಯೋದಲ್ಲಿ ಇದನ್ನೆಲ್ಲ ಕೇಳಿದ ಟ್ಯಾಕೆಟ್ ಕೆಂಡವಾದ. ಪಕ್ಕದ ಪೆಟ್ರೋಲ್ ಬಂಕಿಗೆ ಓಡಿ ಫೋನ್ ತಿರುಗಿಸಿದರೆ ಎಂಗೇಜ್. ಮತ್ತೆ ಎಂಗೇಜ್. ಹನ್ನೊಂದನೇ ಸಲ ಸಿಕ್ಕಿತು.

“‘ಅದಲು-ಬದಲು’. ಏನು ಕೊಡ್ತೀರಿ, ಏನು ಬೇಕು?”

“ಒಲೀಟಾ! ಏನೇ ನಿನ್ನ ಅವತಾರ—”

“ಸರ್, ಊರೆಲ್ಲ ಕೇಳಿಸ್ಕೊಳ್ತಿದೆ.”

ಟ್ಯಾಕೆಟ್‌ನ ದನಿ ಅಲ್ಲೇ ಬೆಣ್ಣೆಯಾಯಿತು. “ಹ್ಹೆ ಹ್ಹೆ... ಚೆನ್ನಾಗಿ ಬರ್ತಿದೆಯಮ್ಮ. ನಮಗೊಂದು ಮೂವತ್ತಡಿ ಏಣಿ ಬೇಕಿತ್ತು. ಪಶ್ಚಿಮದಲ್ಲಿ ಧೂಳು ಬಿರುಗಾಳಿ ಎದ್ದಿದೆ, ಬೋರ್ಡು ಅಲ್ಲಾಡ್ತಿದೆ, ಡಾಯ್ಲ್ ಅಮ್ಮಾ ಅಮ್ಮಾ ಅಂತಿದಾನೆ.”

“ಬದಲಿಗೇನು ಕೊಡ್ತೀರಿ?”

“ಏನು ಬೇಕಾದ್ರೂ!”

“ಹಂಗನ್ನೋ ಹಾಗಿಲ್ಲ ಸರ್, ಹೆಸರು ಬಿಡಿಸಿ ಹೇಳ್ಬೇಕು. ನೀವೇ ಬರೆದು ಗೋಡೆಗೆ ಹಾಕಿದೀರಿ, ಓದ್ಲಾ?”

“ನಿಂಗೇನು ಬೇಕೇ ಮಾರಾಯ್ತಿ?”

ಈಗ ಕೇಳದಿದ್ದರೆ ಇನ್ನು ಯಾವತ್ತೂ ಇಲ್ಲ. “ಬೆಳಿಗ್ಗೆ ಈ ಹತ್ತರ ಗಂಟೆ ಸರ್. ದಿನಾ. ಈ ಮೈಕು ನಂಗೆ.”

ಬಂಕಿನಲ್ಲಿ ನಿಂತಿದ್ದ ಯಾರೋ “ಕೊಟ್ಬಿಡಯ್ಯ ಬ್ಯೂಫೋರ್ಡ್!” ಅಂತ ಕೂಗಿದ್ದು ಊರಿಗೆಲ್ಲ ಕೇಳಿಸಿತು.

“ಆಯ್ತು, ತಗೋ! ಏಣಿ ಬಂದ್ರೆ ಮೈಕು ನಿಂದು. ಆದ್ರೆ ಇಬ್ರು ಹೆಂಗಸರ ಹಾಡು ಒಟ್ಟಿಗೆ ಹಾಕ್ಬೇಡ!”

“ಮಧ್ಯೆ ನಾನು ಮಾತಾಡ್ತೀನಲ್ಲ ಸರ್.”

“ಆಗ ಮೂರಾಯ್ತಲ್ಲೇ!”

ಮಾತೇನೋ ಗೆದ್ದಳು. ಆದರೆ ಏಣಿ? “ಯಾರ ಹತ್ರ ಇದೆ ಮೂವತ್ತಡಿ ಏಣಿ?” ಅಂತ ಕೇಳಿದಳು. ಅಷ್ಟು ಹೊತ್ತು ಬಡಿದುಕೊಳ್ಳುತ್ತಿದ್ದ ಫೋನು ಈಗ ತೆಪ್ಪಗೆ ಕೂತಿತು. ಮತ್ತೆ ಕೇಳಿದಳು. ಕಿಟಕಿಯಾಚೆ ಆಕಾಶ ಧೂಳಿಗೆ ಕೆಂಪಾಗುತ್ತಿತ್ತು. ಮೂರನೇ ಸಲವೂ ಕೇಳಿದಳು. ಆಗ ಫೋನ್ ಬಡಿದುಕೊಂಡಿತು.

“ನನ್ನ ಹತ್ರ ಏಣಿ ಇದೆ ಮೇಡಂ. ನಲವತ್ತಡಿದು. ಟ್ರಕ್ಕಿಗೆ ಕಟ್ಟೂ ಆಯ್ತು.”

ಒಲೀಟಾಗೆ ದನಿ ಗೊತ್ತಾಯಿತು. ಅವಳ ಗಂಡ ವರ್ಜಿಲ್. ನೀರಿನ ಟ್ಯಾಂಕಿಗೆ ಬಣ್ಣ ಬಳಿಯುವವನು, ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಒಮ್ಮೆಯೂ ಅವಳನ್ನು ಮೇಡಂ ಅಂದವನಲ್ಲ.

“ಬದಲಿಗೆ... ಏನು ಬೇಕು ನಿಮಗೆ?”

“ನಂಗೇನೂ ಬೇಡ.”

“ಹೇಳ್ಬೇಕು. ಕಟ್ಟಳೆ.”

ವರ್ಜಿಲ್ ಯೋಚಿಸಿದ. “ಹಾಗಾದ್ರೆ ನಮ್ಮನೆಯೋಳಿಗೆ ಒಂದು ಮಾತು ಮುಟ್ಟಿಸಿ ಮೇಡಂ. ಹನ್ನೆರಡು ವರ್ಷದಿಂದ ಅಡುಗೆಮನೇಲಿ ಸೌಟನ್ನ ಮೈಕಿನಂಗೆ ಹಿಡ್ಕೊಂಡು ಈ ಚೀಟಿಗಳನ್ನ ಒಬ್ಳೇ ಓದ್ತಿದ್ಲು. ನಾನು ಪಕ್ಕದ ರೂಮಲ್ಲಿ ಕೂತು ಕೇಳ್ತಿದ್ದೆ, ಅವಳಿಗೆ ಗೊತ್ತಿಲ್ಲ. ರೇಡಿಯೋದಲ್ಲೂ ಅಷ್ಟೇ ಚೆನ್ನಾಗಿ ಕೇಳ್ಸುತ್ತೆ ಅಂತ ಹೇಳ್ಬಿಡಿ.”

ಒಲೀಟಾ ನಕ್ಕಳು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಗಹಗಹಿಸಿ, ಮೈಕಿನ ಮುಂದೆಯೇ ನಕ್ಕಳು. ಡಾಯ್ಲ್ ಧೂಳಿನಲ್ಲಿ ಮಿಂದು ಕೆಳಗಿಳಿದ. ಸೋಮವಾರದಿಂದ ಹತ್ತರ ಗಂಟೆ ಅವಳದಾಯಿತು, ಇಪ್ಪತ್ತಾರು ವರ್ಷ ಅವಳದೇ ಆಗಿತ್ತು, ಆ ನಗೆಯೂ ದಿನಾ ಇತ್ತು. ಊರಿನ ಒಂದೇ ಒಂದು ಸ್ಪೀಕರೂ ಹರಿಯಲಿಲ್ಲ.