ಮಾಸ್ತರನ ಹೊಲದ ನಾಕ್ಯುಅಸ್

ಆ ದಿನಗಳಲ್ಲಿ ನಮ್ಮ ಠಾಣಾ ಕುಶನೂರಿನಲ್ಲಿ ಇಂಗ್ಲಿಷ್ ಬಲ್ಲವನೆಂದರೆ ಟ್ಯೂಶನ್ ಮಾಸ್ತರ ಒಬ್ಬನೇ. ಬಲ್ಲದ್ದು ಎಷ್ಟೋ, ಜಂಬವಂತೂ ಹೊರಲಾರದಷ್ಟು. ಯಾರೂ ಆಡದ ಶಬ್ದಗಳನ್ನು ಡಿಕ್ಷನರಿಯಿಂದ ಹೆಕ್ಕಿ ತಂದು, ದಿನಕ್ಕೊಂದರಂತೆ ನಮ್ಮ ತಲೆಗೆ ತುರುಕುತ್ತಿದ್ದ. ಏಳನೇ ಇಯತ್ತೆಯ ನಾನು ಅವನು ಸಾಕಿದ ಗಿಳಿ.

"ನಾಕ್ಯುಅಸ್ ಅಂದ್ರ?"

"ಹಾನಿಕಾರಕ ರೀ ಸರ್!"

"ವಾಕ್ಯದಾಗ ಹೇಳು."

"ನಾಕ್ಯುಅಸ್ ಪ್ಲಾಂಟ್ಸ್ ಗ್ರೋ ಹಿಯರ್ ರೀ ಸರ್!"

"ಶಾಬಾಸ್! ಬೀದರ ಕಾಲೇಜಿನವರಿಗೂ ಇದು ಬರಂಗಿಲ್ಲ."

ಹಾನಿಕಾರಕ ಎಂದು ನಮ್ಮ ಮನೆಯಲ್ಲಿ ಯಾರಾದರೂ ಅನ್ನುತ್ತಿದ್ದರೇ? ಅದೂ ಬಾಯಿಪಾಠವೇ.

ತೊಗರಿ ಕಾಯಿ ತುಂಬುವ ಚಳಿಗಾಲ ಬಂತು. ಸಾಲಿ ಬಿಟ್ಟು ಬರುತ್ತ ಹಸಿಕಾಯಿ ಸುಲಿದು ತಿಂದರೆ ಯಾವ ಹೊಲದವರೂ ಬೈಯುತ್ತಿರಲಿಲ್ಲ. ಔಷಧ ಹೊಡೆದ ಹೊಲದ ಬದುವಿಗೆ ಮಾತ್ರ ಬೇವಿನ ಟೊಂಗೆ ನೆಡುತ್ತಿದ್ದರು. ಅದನ್ನು ಕಂಡರೆ ಕುರಿ ಕಾಯುವವರು ಹಿಂಡು ತಿರುಗಿಸುತ್ತಿದ್ದರು, ನಾವೂ ಕೈ ಹಚ್ಚುತ್ತಿರಲಿಲ್ಲ. ಮಾಸ್ತರನಿಗೆ ಇದು ಗಮಾರರ ಪದ್ಧತಿ. ತನ್ನ ಹೊಲಕ್ಕೆ ಔಷಧ ಹೊಡೆಸಿ ಒಂದು ಹಲಗೆ ನಿಲ್ಲಿಸಿದ. ಅದರ ಮೇಲೆ ಕೆಂಪು ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಶಬ್ದ, ನಾಕ್ಯುಅಸ್.

"ಅಕ್ಕಾ, ಏನ್ ಬರದಾರ?" ಎಂದಳು ತಂಗಿ ಶಾಂತಾ.

ನಾನು ಎದೆಯುಬ್ಬಿಸಿ ಓದಿದೆ. ಅರ್ಥ ಹೇಳಿದೆ, ವಾಕ್ಯವನ್ನೂ ಒಪ್ಪಿಸಿದೆ. ಆಮೇಲೆ ಕಾಯಿ ಕಿತ್ತು ಅವಳ ಉಡಿ ತುಂಬಿಸಿದೆ. ಮೂಗಿಗೆ ಘಾಟು ಬಡಿಯುತ್ತಿತ್ತು, ಆದರೆ ಬದುವಿನಲ್ಲಿ ಬೇವಿನ ಟೊಂಗೆ ಇರಲಿಲ್ಲವಲ್ಲ! ನಾನು ಕೀಳುತ್ತ ಹೋದೆ, ಅವಳು ತಿನ್ನುತ್ತ ಹೋದಳು. ಥೂ, ನನ್ನ ಜಾಣತನಕ್ಕಿಷ್ಟು!

ಮನೆ ಮುಟ್ಟುವಷ್ಟರಲ್ಲಿ ಶಾಂತಾಳ ಬಾಯಲ್ಲಿ ಜೊಲ್ಲು, ವಾಂತಿ. ಅವ್ವ ಅವಳನ್ನೆತ್ತಿಕೊಂಡು ಬೀದರದ ಬಸ್ಸು ಹತ್ತಿದಳು. ಜನವಾಡ ದಾಟುವಾಗ ಕೈಕಾಲು ಸೆಟೆದವು. "ಕಣ್ ತಗಿ ನನ್ನವ್ವಾ, ಕಣ್ ತಗಿ" ಎಂದು ಅವ್ವ ದಾರಿಯುದ್ದಕ್ಕೂ ಅತ್ತಳು.

ಮೂರನೇ ದಿನ ಶಾಂತಾ ಕಣ್ಣು ಬಿಟ್ಟಳು. ಅವತ್ತೇ ಮಾಸ್ತರ ಇಸ್ತ್ರಿ ಅಂಗಿ ತೊಟ್ಟು ದವಾಖಾನೆಗೆ ಬಂದ.

"ನಂದೇನ್ ತಪ್ಪದ ರೀ? ಬೋರ್ಡ್ ಹಚ್ಚಿದ್ದೆ. ನಿಮ್ಮ ದೊಡ್ಡಾಕಿಗೆ ಅರ್ಥ ಗೊತ್ತದ, ಬೇಕಾದ್ರ ಕೇಳ್ರಿ."

ನಾಚಿಕೆಗೆಟ್ಟವನು! ಆದರೆ ಹೇಳಿದ್ದು ಸುಳ್ಳಲ್ಲ. ಅವ್ವ ನನ್ನ ಕಡೆ ತಿರುಗಿದಳು.

"ಖರೇನು? ನಿನಗ ಗೊತ್ತಿತ್ತಾ?"

"ಗೊತ್ತಿತ್ತವ್ವಾ."

ಅವ್ವನಿಗೆ ಓದು ಬಾರದು. ಅವತ್ತಿನವರೆಗೆ ಕಾಗದ, ಬಸ್ಸಿನ ಬೋರ್ಡು, ಗುಳಿಗೆಯ ಚೀಟಿ ಎಲ್ಲವನ್ನೂ ಹೆಮ್ಮೆಯಿಂದ ನನ್ನ ಕೈಯಲ್ಲೇ ಓದಿಸುತ್ತಿದ್ದಳು. ಈಗ ನಾನು ಭಾಲ್ಕಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ, ಅವ್ವ ನನ್ನ ಜೊತೆಗೇ ಇದ್ದಾಳೆ. ಅವಳ ಬಿಪಿ ಗುಳಿಗೆ ತಂದು ಕೊಡುವವಳು ನಾನೇ. ಅವಳು ಆ ಚೀಟಿ ಹಿಡಿದುಕೊಂಡು ಪಕ್ಕದ ಮನೆಯ ಬಾಗಿಲಿಗೆ ಹೋಗುತ್ತಾಳೆ.

"ಇದರಾಗ ಏನ್ ಬರದಾರ, ಜರಾ ನೋಡಿ ಹೇಳ್ರಿ."