ಅಂಗಡಿಯವರು ಕೊಡದ ಚಾಕು

ಲಿಂಗದಹಳ್ಳಿಯ ಆಚೆ, ಬೆಟ್ಟದ ಬುಡದಲ್ಲಿ ಡೇರೆ ಹಾಕಿ ಒಂದು ದಿನ ಉಳಿಯೋಣವೆಂದು ನಮ್ಮ ಶಾಲೆಯ ನಾಲ್ವರು ಶಿಕ್ಷಕಿಯರು ತೀರ್ಮಾನಿಸಿದೆವು. ಜಾಗ ನಮ್ಮಲ್ಲೊಬ್ಬರಾದ ಅಜ್ಜಂಪುರದ ಟೀಚರ್ ಅವರ ಸಂಬಂಧಿಕರದ್ದು. ಡೇರೆಯ ಹಗ್ಗ, ಗೂಟದ ಕೆಲಸಕ್ಕೆ ಚಾಕು ತರುವುದು ನನ್ನ ಪಾಲಿಗೆ ಬಂತು. ವಿಜ್ಞಾನ ಕಲಿಸುವವಳಿಗೆ ಉಕ್ಕಿನ ಬಗ್ಗೆ ಗೊತ್ತಿರಬೇಕೆಂದು ಅವರ ನಂಬಿಕೆ. ನನಗೆ ಗೊತ್ತಿದ್ದದ್ದು ಅಡುಗೆಮನೆಯ ಈಳಿಗೆಮಣೆ ಮಾತ್ರ.

ಮೊದಲು ಫೋನಿನಲ್ಲಿ ಹುಡುಕಿದೆ. ಒಂದು ಚಾಕುವನ್ನು ಮೆಚ್ಚಿ ಬರೆದವರೆಲ್ಲ ಒಂದೇ ಮಾತನ್ನು, ಒಂದೇ ಕಾಗುಣಿತದ ತಪ್ಪಿನೊಂದಿಗೆ ಬರೆದಿದ್ದರು. ಕಾಪಿ ಹೊಡೆದ ಉತ್ತರಪತ್ರಿಕೆ ಎಷ್ಟು ನೋಡಿಲ್ಲ ನಾನು! ಅದನ್ನು ಬಿಟ್ಟು, ಶನಿವಾರ ಬೆಳಗಿನ ಶಾಲೆ ಮುಗಿಸಿ ಕಡೂರಿನ ಹಾರ್ಡ್‌ವೇರ್ ಅಂಗಡಿಗೆ ಹೋದೆ. ತೋಟದ ಪೈಪು, ಮೋಟಾರಿನ ಸಾಮಾನನ್ನೆಲ್ಲ ನನ್ನ ಗಂಡ ತರುವುದು ಅಲ್ಲಿಂದಲೇ.

"ಜೇಬಲ್ಲಿಡೋ ಮಡಚೋ ಚಾಕು ತೋರಿಸ್ರೀ."

"ಯಾರಿಗೆ ಮೇಡಮ್?"

"ನನಗೇ."

ಯಜಮಾನರು ಮೂರು ಚಾಕು ತೆಗೆದಿಟ್ಟರು. ಒಂದರ ಅಲಗು ಬಿಡಿಸಿ, ಅದರ ಬೆನ್ನನ್ನು ಮೇಜಿನ ಅಂಚಿಗೆ ಒತ್ತಿದೆ. ಪಟ್ಟನೆ ಮಡಚಿಕೊಂಡಿತು, ಬೆರಳು ಸ್ವಲ್ಪದರಲ್ಲಿ ಉಳಿಯಿತು.

"ಜೋರಾಗಿ ಚುಚ್ಚಿದ್ರೂ ಮಡಚ್ಕೊಳ್ದೇ ಇರೋದು ಯಾವ್ದು?" ಎಂದು ಕೇಳಿದೆ.

ಅವರು ನನ್ನ ಮುಖವನ್ನು ಒಂದು ಗಳಿಗೆ ದಿಟ್ಟಿಸಿದರು. ಆಮೇಲೆ ಮೂರನ್ನೂ ಡಬ್ಬಿಗೆ ಹಾಕಿ, "ಸ್ಟಾಕ್ ಇಲ್ಲ ಮೇಡಮ್. ಇನ್ನೊಂದ್ಸಲ ಬನ್ನಿ" ಎಂದರು. ಕಣ್ಣೆದುರೇ ಇದ್ದ ಮಾಲನ್ನು ಇಲ್ಲ ಎನ್ನುವುದೆಂದರೇನು? ಕಳಪೆ ಮಾಲು, ಸಿಕ್ಕಿಬಿದ್ದರು ಎಂದುಕೊಂಡು ಮನೆಗೆ ಬಂದೆ.

ಆ ಹೊತ್ತಿಗೆ ತೋಟದಲ್ಲಿರಬೇಕಾದ ಗಂಡ ಮನೆಯಲ್ಲಿದ್ದರು. "ಊಟ ಮಾಡಿದ್ಯಾ?" ಎಂದರು. ಮದುವೆಯಾದಾಗಿನಿಂದ ಅವರು ಆ ಮಾತು ಕೇಳಿದ್ದು ನನಗೆ ನೆನಪಿಲ್ಲ. ನಾನು ಅಡುಗೆಮನೆಗೆ ಹೋದರೆ ಹಿಂದೆಯೇ ಬಂದು ಬಾಗಿಲಲ್ಲಿ ನಿಂತರು. ತರಕಾರಿ ಹೆಚ್ಚೋಣವೆಂದರೆ ಈಳಿಗೆಮಣೆ ಕಾಣಲಿಲ್ಲ. ಅದು ಅಟ್ಟದ ಮೇಲಿತ್ತು.

"ಯಾಕೆ ಅಲ್ಲಿಟ್ರಿ?"

"ಮೊಂಡಾಗಿತ್ತು. ಸಾಣೆ ಹಿಡ್ಸೋಣ ಅಂತ."

"ನಿಜ ಹೇಳ್ರಿ."

ಅವರು ನೆಲ ನೋಡುತ್ತಾ ಹೇಳಿದರು: "ಅಂಗಡಿಯೋರು ಫೋನ್ ಮಾಡಿದ್ರು ಕಣೇ. ಮೇಡಮ್ ಚುಚ್ಚೋಕೆ ಚಾಕು ಕೇಳ್ತಾವ್ರೆ, ಮನೇಲಿ ಎಲ್ಲಾ ಚೆನ್ನಾಗಿದೀರಾ ಅಂದ್ರು."

"ನೀವು ನಂಬಿದ್ರಾ?"

"ಹದಿನೈದು ದಿನದಿಂದ ಫೋನ್ ಬಂದ್ರೆ ಆಚೆ ಹೋಗ್ತೀಯ. ನನ್ನ ಕಂಡ್ರೆ ಮಾತು ನಿಲ್ಲಿಸ್ತೀಯ. ಏನಂತ ತಿಳ್ಕೊಳ್ಲಿ?"

ಸಿಟ್ಟು ಬಂತು. ಆದರೆ ಅವರ ಮಾತು ಸುಳ್ಳಲ್ಲ. ಬೇಡ ಎಂದುಬಿಟ್ಟಾರೆಂಬ ಗುಮಾನಿಯಿಂದ ಡೇರೆಯ ಸುದ್ದಿಯನ್ನೇ ನಾನು ಅವರಿಗೆ ತಿಳಿಸಿರಲಿಲ್ಲ. ಅಲ್ಲೇ ಕೂತು ಎಲ್ಲವನ್ನೂ ಹೇಳಿದೆ. "ಇಷ್ಟೇನಾ?" ಎಂದರು. ಪೂರ್ತಿ ನಂಬಿದಂತೆ ಕಾಣಲಿಲ್ಲ.

ಮರುದಿನ ಬೇರೆ ಅಂಗಡಿ ಹುಡುಕಿ ತರೀಕೆರೆಗೆ ಹೊರಟರೆ ಅವರೂ ಬಂದರು. ಚಾಕು ನೋಡಲು ಬಂದರೋ, ನನ್ನನ್ನು ಕಾಯಲು ಬಂದರೋ ತಿಳಿಯಲಿಲ್ಲ. ಡೇರೆಗೆ ಯಾರ್ಯಾರು ಬರುತ್ತಾರೆಂದು ಬಸ್ಸಿನಲ್ಲಿ ಎರಡು ಸಲ ಕೇಳಿದರು. ಅಲ್ಲಿನ ಅಂಗಡಿಯಲ್ಲಿ ಒಂದು ಚಾಕು ನನ್ನ ಕೈಗೆ ಒಪ್ಪಿತು. ಹಿಡಿ ಒರಟು, ಒದ್ದೆ ಕೈಯಿಂದ ಜಾರದು. ಅಲಗು ಅಂಗೈಗಿಂತ ಚಿಕ್ಕದು. ಬಿಡಿಸಿದರೆ ಟಕ್ಕೆಂದು ಲಾಕ್ ಕೂರುತ್ತಿತ್ತು. ಎಷ್ಟು ಒತ್ತಿದರೂ ಮಡಚಿಕೊಳ್ಳಲಿಲ್ಲ. ಈ ಸಲ ನಾನು ಅಂಗಡಿಯವನನ್ನು ಏನೂ ಕೇಳಲಿಲ್ಲ. ಗಂಡನೇ ಹೇಳಿದರು: "ಇವಳಿಗೆ. ಟೆಂಟ್ ಹಾಕೋಕೆ ಹೋಗ್ತಾವ್ಳೆ."

ಡೇರೆ ಹಾಕಿದ ದಿನ ಹಗ್ಗ ಕತ್ತರಿಸಲು, ಗೂಟದ ತುದಿ ಚೂಪು ಮಾಡಲು ಅದೇ ಒದಗಿತು. ಸಂಜೆಯೊಳಗೆ ಗಂಡ ಮೂರು ಸಲ ಫೋನ್ ಮಾಡಿದರು. ಮೂರನೆಯ ಸಲ, "ಚಾಕು ಮಡಚಿಟ್ಟಿದೀಯಾ?" ಎಂದರು. ಅದು ಕಾಳಜಿಯೋ, ಅನುಮಾನವೋ, ನನಗೆ ಇವತ್ತಿಗೂ ಗೊತ್ತಿಲ್ಲ.

"ಮಡಚಿದೀನಿ" ಎಂದು ಹೇಳಿ, ಅದೇ ಚಾಕುವಿನಿಂದ ಸೌತೆಕಾಯಿ ಹೆಚ್ಚುವುದನ್ನು ಮುಂದುವರಿಸಿದೆ.