ಕಾಫಿ ಡಬ್ಬಿಯಲ್ಲಿ ಕಳೆದ ಬೇಸಿಗೆ

ಅಂಗಡಿ ಬಾಗಿಲಿನ ಹಿತ್ತಾಳೆ ಗಂಟೆ ಬೆಳಕು ಹರಿಯುವ ಮೊದಲೇ ಕಿಣಿಕಿಣಿ ಎನ್ನತೊಡಗಿತ್ತು. ಅಂದು ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಮೊದಲ ದಿನ. ಅಮೆರಿಕದ ಮೊಂಟಾನಾದ ಆ ಪುಟ್ಟ ಊರಿನಲ್ಲಿ ತೋಟಾ ಮರೆತವರು, ಕೈಗವಸು ಕಳೆದುಕೊಂಡವರು, ಸುಮ್ಮನೆ ಜಂಬ ಕೊಚ್ಚಲು ಬರುವವರು ಎಲ್ಲರೂ ಸೇರುವುದು ವರ್ನಾ ಹಾಗ್ಲೆಂಡಳ ಕೋವಿ ರಿಪೇರಿ ಅಂಗಡಿಯಲ್ಲೇ. ಗಂಟೆ ಸದ್ದಾದಾಗಲೆಲ್ಲ ವರ್ನಾ ತಲೆಯೆತ್ತುತ್ತಿದ್ದಳು. ಅವಳು ಕಾಯುತ್ತಿದ್ದ ಡೆಲ್ ಅಲ್ಲ. ಮತ್ತೆ ಕಬ್ಬಿಣ ಉಜ್ಜುವ ಅರಕ್ಕೆ ಕೈ ಹಾಕುತ್ತಿದ್ದಳು.

"ಕುತ್ತಿಗೆ ಉಳುಕೀತು ಕಣಮ್ಮ," ಎಂದ ಒಲೆಯ ಪಕ್ಕ ಬಿಟ್ಟಿ ಕಾಫಿ ಹೀರುತ್ತಿದ್ದ ಮುದುಕ ರಸ್ಕ್. "ಬರೋನಾಗಿದ್ರೆ ಬರ್ತಾನೆ."

ವರ್ನಾಳ ಬೆನ್ನ ಹಿಂದೆ, ಬೀಗ ಹಾಕಿದ ಕಪಾಟಿನಲ್ಲಿ ಒಂದು ಹಳೆಯ ಕಾಫಿ ಡಬ್ಬಿ ಇತ್ತು. ಅದರಲ್ಲಿ ಬಟ್ಟೆ ಸುತ್ತಿಟ್ಟ ಕೋವಿಯ ಬೋಲ್ಟುಗಳು, ಅಂದರೆ ತೋಟಾವನ್ನು ನಳಿಗೆಗೆ ತಳ್ಳಿ ಸಿಡಿಸುವ ತುಂಡುಗಳು. ಬೋಲ್ಟು ಕಳಚಿದ ಕೋವಿ ಬರೀ ಕೋಲು.

ವರ್ಷಗಳ ಹಿಂದೆ ಅವಳ ತಮ್ಮ ಒಂದು ಮಧ್ಯಾಹ್ನ ಬದುಕು ಬೇಡವೆನಿಸಿ ಗೋಡೆಯ ಮೇಲಿನ ಕೋವಿಗೆ ಕೈ ಚಾಚಿದ್ದ. ಅಂದು ಅದು ಕೈಗೆ ಸಿಗದಿದ್ದರೆ ಸಂಜೆ ಹಾಲು ಕರೆಯಲು ಅವನೇ ಇರುತ್ತಿದ್ದನೇನೋ. ಆ ಯೋಚನೆಯನ್ನು ಹೊತ್ತೇ ವರ್ನಾ ಅಪ್ಪನ ಕಸುಬು ಕಲಿತಳು. ಯಾರ ಮನೆಯಲ್ಲಾದರೂ ಮನಸ್ಸು ಕೆಟ್ಟಿದೆ ಎಂದು ಕಿವಿಗೆ ಬಿದ್ದರೆ ಸೇಬಿನ ಪೈ ಹಿಡಿದು ಹೋಗುತ್ತಿದ್ದಳು. "ಕೋವಿ ನಿನ್ನ ಗೋಡೆ ಮೇಲೇ ಇರ್ಲಿ. ಬೋಲ್ಟು ಮಾತ್ರ ನನ್ನ ಹತ್ರ ಇರ್ಲಿ," ಎನ್ನುತ್ತಿದ್ದಳು. ಕೋವಿಯನ್ನೇ ಕೇಳಿದ್ದರೆ ಜಗಳಕ್ಕೆ ಬರುತ್ತಿದ್ದ ಗಂಡಸರು ಬೋಲ್ಟನ್ನು ಕಳಚಿಕೊಡುತ್ತಿದ್ದರು.

ಡೆಲ್ ತನ್ನದನ್ನು ಕೊಟ್ಟದ್ದು ಕಳೆದ ಚಳಿಗಾಲದಲ್ಲಿ. ಅವನಿಗೆ ನಿದ್ದೆ ಬಿಟ್ಟುಹೋಗಿತ್ತು, ಮಾತೂ ನಿಂತಿತ್ತು. ವರ್ನಾ ಸುತ್ತಿ ಬಳಸದೆ ಕೇಳಿದ್ದಳು: "ಸಾಯೋ ಯೋಚನೆ ಬರ್ತಿದೆಯಾ ಡೆಲ್?" ಅವನು ಹೌದೆಂದು ತಲೆಯಾಡಿಸಿ, ಮನೆಯಲ್ಲಿದ್ದ ಒಂದೇ ಕೋವಿಯ ಬೋಲ್ಟು ಅವಳ ಅಂಗೈಗೆ ಹಾಕಿದ್ದ. ವಸಂತದಲ್ಲಿ ಹಸುಗಳು ಕರು ಹಾಕುವ ಹೊತ್ತಿಗೆ ಅದೇ ಡೆಲ್ ಬಂದು ಅಂಗಡಿಯ ಮೇಜು ಗುದ್ದಿದ್ದ.

"ಕಯೋಟೆ ನರಿಗಳು ಕರು ಎಳ್ಕೊಂಡು ಹೋಗ್ತಿವೆ. ಕೊಡು ನನ್ ಬೋಲ್ಟು!"

"ನರಿ ನಾನು ನೋಡ್ಕೋತೀನಿ. ನೀನು ಕೂತ್ಕೋ."

ಬಾಯಿಗೆ ಬಂದಂತೆ ಬೈದ. ವರ್ನಾ ಬೀಗದ ಕೈ ಮುಷ್ಟಿಯಲ್ಲಿ ಹಿಡಿದು ನಿಂತೇ ಇದ್ದಳು. ಕೊನೆಗೆ ಡೆಲ್ ಬೆಂಚಿನ ಮೇಲೆ ಕುಸಿದು ಅತ್ತ. ಹೆಂಡತಿ ಕಾರ್ಲಿಸ್ ಓಡಿಬಂದು ನೇರ ಡಾಕ್ಟರ ಬಳಿ ಕರೆದೊಯ್ದಳು. ಅಂದೇ ಮಾತಾಗಿತ್ತು: ಡಾಕ್ಟರು ಒಪ್ಪಬೇಕು, ಕಾರ್ಲಿಸ್ ಜೊತೆಗೆ ಬರಬೇಕು, ಆಮೇಲೆ ಬೋಲ್ಟು.

"ಸಾಯ್ಬೇಕು ಅನ್ನೋನು ಇನ್ನೊಂದು ದಾರಿ ಹುಡುಕ್ತಾನೆ ಬಿಡು," ಎಂದ ರಸ್ಕ್ ಈಗ ಒಲೆಯ ಪಕ್ಕದಿಂದ, ವರ್ಷಗಟ್ಟಲೆ ಹೇಳಿದ್ದನ್ನೇ.

"ಎಲ್ರೂ ಹುಡುಕಲ್ಲ ರಸ್ಕ್. ಆ ಗಳಿಗೆ ಹಿಮಗಾಳಿ ಥರ, ಬೀಸಿ ಹೋಗುತ್ತೆ. ಹೋಗೋವರೆಗೂ ಕೈಗೆ ಏನೂ ಸಿಗಬಾರದು, ಅಷ್ಟೆ."

ಗಂಟೆ ಬಾರಿಸಿತು. ಮೊದಲು ಕಾರ್ಲಿಸ್. ಹಿಂದೆ ಕಿತ್ತಳೆ ಬಣ್ಣದ ಬೇಟೆ ಅಂಗಿಯಲ್ಲಿ, ಕೋವಿ ಹೆಗಲಿಗೇರಿಸಿ, ಕೆನ್ನೆ ತುಂಬಿಕೊಂಡ ಡೆಲ್.

"ಏನು ವರ್ನಾ, ನನ್ ಬೋಲ್ಟಿಗೆ ತುಕ್ಕು ಹಿಡಿಸಿದ್ದೀಯಾ ಹೇಗೆ?"

"ನಿನ್ ನಾಲಿಗೆಯ ತುಕ್ಕು ಬಿಟ್ಟಿದೆಯಲ್ಲ, ಸಾಕು!" ಎಂದಳು ವರ್ನಾ.

ಆದರೆ ನಗಲಿಲ್ಲ. ಕಾರ್ಲಿಸಳ ಮುಖವನ್ನೇ ನೋಡಿದಳು.

"ಡಾಕ್ಟರು ಸೈ ಅಂದ್ರು," ಎಂದಳು ಕಾರ್ಲಿಸ್. "ಈಗ ಗೊರಕೆ ಹೊಡೀತಾನೆ ವರ್ನಾ! ಸೂರು ಹಾರಿಹೋಗೋ ಹಾಗೆ ಗೊರಕೆ. ನಾನು ಎಚ್ಚರವಾಗಿ ಕೂತು ಕೇಳ್ತೀನಿ, ಸುಖವಾಗಿ."

ಅಂಗಡಿ ತುಂಬ ನಗೆಯೆದ್ದಿತು. ವರ್ನಾ ಕಪಾಟು ತೆರೆದಳು. ಎಣ್ಣೆ ಸವರಿ ಜತನವಾಗಿಟ್ಟಿದ್ದ ಬೋಲ್ಟನ್ನು ಬಟ್ಟೆ ಬಿಚ್ಚಿ ಡೆಲ್‌ನ ಕೈಗಿಟ್ಟಳು. ಅದು ಕೋವಿಯೊಳಗೆ ಹಿತವಾಗಿ ಜಾರಿ ಕೂತಿತು. ಡೆಲ್ ಕೋವಿಯನ್ನು ಬದಿಗಿಟ್ಟು ಅವಳ ಎರಡೂ ಕೈ ಹಿಡಿದುಕೊಂಡ.

ಬೆಟ್ಟದ ನೆತ್ತಿ ಕೆಂಪಾಗುತ್ತಿತ್ತು. ವರ್ನಾ ಗೋಡೆಯ ಮೊಳೆಯಿಂದ ತನ್ನ ಕಿತ್ತಳೆ ಬೇಟೆ ಟೋಪಿ ತೆಗೆದಳು.

"ಆದ್ರೂ ವರ್ನಾ, ನಾನು ಹೇಳೋದು ಏನಂದ್ರೆ, ಒಬ್ಬ ಉಳ್ಕೊಂಡ ಅಂತ..." ರಸ್ಕ್ ಶುರುಮಾಡಿದ.

"ಒಲೆ ನೋಡ್ಕೋ ರಸ್ಕ್," ಎಂದಳು. ಅವನ ಮಾತು ಇನ್ನೂ ನಡೆದೇ ಇತ್ತು. ತಲೆಯ ಮೇಲೆ ಗಂಟೆ ಕಿಣಿಗುಟ್ಟುತ್ತಿದ್ದಂತೆ ವರ್ನಾ ಡೆಲ್‌ನ ಹಿಂದೆ ಬೆಟ್ಟದ ಕಡೆಗೆ ಹೊರಟುಬಿಟ್ಟಳು.